ಕಾಕಾನ ಕಾರು, ಕಾಕುವಿನ ಏರು

ಬ್ಯಾಡಗಿಯಲ್ಲಿ ಕಾರು ಇಟ್ಟುಕೊಂಡವರಿಗೇನು ಬರವಿಲ್ಲ. ಮೆಣಸಿನಕಾಯಿಗೆ ಒಳ್ಳೆಯ ದರ ಸಿಕ್ಕ ವರ್ಷ ಓಣಿಗೊಂದರಂತೆ ಹೊಸ ಕಾರು ಬಂದು ನಿಲ್ಲುತ್ತದೆ. ಆದರೆ ಕಾರನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡವನು ಇಡೀ ಜಿಲ್ಲೆಗೆ ನಮ್ಮ ಕಾಕಾ ಒಬ್ಬನೇ! ಇಡೀ ಕಾರಲ್ಲ ಬಿಡಿ; ಅಷ್ಟು ದೊಡ್ಡ ಅಡುಗೆಮನೆ ನಮ್ಮ ಕಾಕುವಿಗೆ ಎಲ್ಲಿಂದ ಬರಬೇಕು? ಕಾರ್ಬುರೇಟರು ಇಡ್ಲಿ ಪಾತ್ರೆಯ ಮಗ್ಗುಲಲ್ಲಿ ಕೂತಿತ್ತು. ಸ್ಪಾರ್ಕ್ ಪ್ಲಗ್ಗುಗಳು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲಿದ್ದವು. ರೇಡಿಯೇಟರು ಗ್ಯಾಸ್ ಸಿಲಿಂಡರಿಗೆ ಒರಗಿಕೊಂಡು ನಿಂತಿತ್ತು. ಉಳಿದದ್ದು, ಅಂದರೆ ನಾಲ್ಕು ಚಕ್ರ, ಬಾಗಿಲು ಮತ್ತು ಕಾಕಾನ ಮರ್ಯಾದೆ, ಅಂಗಳದಲ್ಲಿತ್ತು.

ಕಾಕಾ ನಮ್ಮಪ್ಪನ ತಮ್ಮ, ಕಾಕು ಅವನ ಹೆಂಡತಿ. ಪೇಟೆಯಲ್ಲಿ ಖಾಲಿ ಚೀಲದ ಅಂಗಡಿ ಅವನದು. ಹರಿದ ಗೋಣಿಚೀಲ ಕೊಂಡು, ಹೊಲಿದು, ಮೆಣಸಿನಕಾಯಿ ವ್ಯಾಪಾರಿಗಳಿಗೆ ಮಾರುತ್ತಾನೆ. ಹೀಗಾಗಿ ಜಗತ್ತಿನಲ್ಲಿ ಹರಿದದ್ದು, ಮುರಿದದ್ದು, ಸಡಿಲಾದದ್ದು ಏನೇ ಇರಲಿ, ಒಂದು ದಬ್ಬಣ ಮತ್ತು ಒಂದು ಮಾರು ಸೆಣಬಿನ ಸುತಳಿಯಿಂದ ಸರಿಹೋಗುತ್ತದೆ ಎಂಬುದು ಅವನ ನಂಬಿಕೆ. ಅವನ ಕನ್ನಡಕದ ಒಂದು ಕಡ್ಡಿ ಸುತಳಿಯದು. ಟಿ.ವಿ. ರಿಮೋಟಿನ ಹೊಟ್ಟೆಗೆ ಸುತಳಿ. ಒಮ್ಮೆ ನನ್ನ ಹೊಸ ಚಪ್ಪಲಿಯ ಬಾರು ಕಿತ್ತಾಗ ಅದಕ್ಕೂ ಸುತಳಿ ಹೊಲಿದುಕೊಟ್ಟು, "ನಿನ್ನ ಕಾಲರ ಹೋದೀತು ತಂಗಿ, ಇದು ಹೋಗೂದಿಲ್ಲ ನೋಡು" ಎಂದು ಆಶೀರ್ವಾದ ಮಾಡಿದ್ದ. ಇಂಥ ಆಶೀರ್ವಾದ ಯಾರಿಗೆ ಸಿಕ್ಕೀತು?

ಅಂಥವನ ಹತ್ತಿರ ಒಂದು ಪುಟ್ಟ ಬಿಳಿಯ ಕಾರು. ಬಿಳಿ ಅಂದೆನೆ? ಕೊಳ್ಳುವಾಗ ಬಿಳಿ ಇತ್ತಂತೆ. ನಾನು ಕಂಡಾಗಿನಿಂದ ಅದು ಮೆಣಸಿನಕಾಯಿ ಸೀಜನ್ನಿನಲ್ಲಿ ಕೆಂಪು, ಮಳೆಗಾಲದಲ್ಲಿ ಕಂದು. ಕಾಕಾನ ಕೈಗೆ ಬರುವ ಹೊತ್ತಿಗೇ ಅದು ಎರಡು ಮನೆ ಸುತ್ತಿ, ಉಸಿರು ಕಳೆದುಕೊಂಡು ಬಂದಿತ್ತು. ಸಪಾಟು ರಸ್ತೆಯಲ್ಲಿ ಓಡುವುದರಲ್ಲಿ ಅದಕ್ಕೆ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಏರಿನಲ್ಲಿ.

ಶನಿವಾರ ಬಂತೆಂದರೆ ಕಾಕಾ-ಕಾಕು ಇಬ್ಬರೂ ಕದರಮಂಡಲಗಿಯ ಹನುಮಪ್ಪನ ದರ್ಶನಕ್ಕೆ ಹೋಗಬೇಕು. ಆ ಹಾದಿಯಲ್ಲಿ ಒಂದು ಏರು. ಎತ್ತಿನ ಗಾಡಿಗೆ, ಸೈಕಲ್ಲಿಗೆ, ಕೊನೆಗೆ ಕುಂಟುವ ಎಮ್ಮೆಗೂ ಅದೊಂದು ಏರು ಅಂತ ಅನ್ನಿಸಿರಲಿಕ್ಕಿಲ್ಲ. ನಮ್ಮ ಕಾಕಾನ ಕಾರಿಗೆ ಮಾತ್ರ ಅದು ಹಿಮಾಲಯ! ಕಾಕಾ ಒಬ್ಬನೇ ಇದ್ದರೆ ಹೇಗೋ ಹತ್ತುತ್ತಿತ್ತು. ಇನ್ನೊಂದು ಜೀವ ಒಳಗಿದ್ದರೆ ಅರ್ಧಕ್ಕೆ ನಿಂತು, ನಿಟ್ಟುಸಿರು ಬಿಟ್ಟು, ಹಿಂದಕ್ಕೆ ಜಾರುತ್ತಿತ್ತು. ಆದ್ದರಿಂದ ಏರಿನ ಬುಡಕ್ಕೆ ಬಂದ ತಕ್ಷಣ ಕಾಕಾ ಬ್ರೇಕು ಒತ್ತಿ ಒಂದೇ ಮಾತು ಹೇಳುತ್ತಿದ್ದ:

"ಇಳಿ."

ಕಾಕು ಇಳಿಯುತ್ತಿದ್ದಳು. ಕಾಯಿ-ಕರ್ಪೂರದ ಚೀಲ ಕಾರಿನಲ್ಲೇ ಇರುತ್ತಿತ್ತು, ಅದು ಹಗುರ. ಕಾಕಾ ಕಾರನ್ನು ಏರಿಸಿ, ಮೇಲಿನ ಬೇವಿನ ಮರದ ಕೆಳಗೆ ನಿಲ್ಲಿಸಿ ಕಾಯುತ್ತಿದ್ದ. ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದುಕೊಂಡು ಹತ್ತಿ ಬಂದು ಮತ್ತೆ ಕೂಡುತ್ತಿದ್ದಳು. ಇದು ಅವರ ದಾಂಪತ್ಯದ ಪದ್ಧತಿಯಾಗಿಬಿಟ್ಟಿತ್ತು. ಆ ಹಾದಿಯ ಹೊಲದವರು ಅದಕ್ಕೆ 'ಕಾಕುನ ಏರು' ಅಂತಲೇ ಹೆಸರಿಟ್ಟಿದ್ದರು.

ನೆಂಟರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ನನ್ನ ಮದುವೆಯಾದ ಹೊಸದರಲ್ಲಿ ನಾನು ಮತ್ತು ನನ್ನ ಗಂಡ ಹಾವೇರಿಯಿಂದ ಬಂದಾಗ ಕಾಕಾ ಇಬ್ಬರನ್ನೂ ದರ್ಶನಕ್ಕೆ ಕರೆದುಕೊಂಡು ಹೊರಟ. ಏರಿನ ಬುಡದಲ್ಲಿ ಕಾರು ನಿಂತಿತು. ಕಾಕಾ ಹಿಂದೆ ತಿರುಗಿ, ಬಹಳ ಮರ್ಯಾದೆಯಿಂದ, "ಅಳಿಯಂದ್ರ, ಇಳೀರಿ" ಅಂದ. ನನ್ನ ಗಂಡ ಗುಡಿ ಬಂತೆಂದು ತಿಳಿದು ಇಳಿದು, ರಸ್ತೆಯ ಬದಿಯಲ್ಲಿ ಚಪ್ಪಲಿ ಬಿಟ್ಟು, ಎದುರಿಗೆ ಕಂಡ ಜೋಳದ ಹೊಲಕ್ಕೆ ಭಕ್ತಿಯಿಂದ ಕೈಮುಗಿದ! ಆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅಜ್ಜ ಗಾಬರಿಯಾಗಿ ತಾನೂ ಕೈಮುಗಿದ. ಇವತ್ತಿಗೂ ನಮ್ಮ ಮನೆಯಲ್ಲಿ ಯಾರಾದರೂ ಅತಿಯಾಗಿ ವಿನಯ ತೋರಿಸಿದರೆ "ಜ್ವಾಳಕ್ಕ ಕೈ ಮುಗದ್ರು" ಅನ್ನುತ್ತೇವೆ.

ಹೀಗೆ ನಗುತ್ತಲೇ ವರ್ಷಗಳು ಹೋದವು. ಕಾಕುವಿನ ಮೊಣಕಾಲು ಮಾತ್ರ ನಗುತ್ತಿರಲಿಲ್ಲ ಅನ್ನುವುದು ನಮಗ್ಯಾರಿಗೂ ತಿಳಿಯಲಿಲ್ಲ. ಹೋದ ವರ್ಷದ ಒಂದು ಶನಿವಾರ ಅವಳು ಎಂದಿನಂತೆ ಇಳಿದಳು, ಎಂದಿನಂತೆ ನಡೆದಳು, ಏರಿನ ನಡುವೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಮತ್ತೆ ಏಳಲು ಆಗಲಿಲ್ಲ. ಕಾಕಾ ಮೇಲಿನಿಂದ ಓಡಿ ಬಂದ. ಕೊನೆಗೆ ಒಂದು ಟ್ರ್ಯಾಕ್ಟರಿನವನು ಕಾಕುವನ್ನು ಟ್ರೇಲರಿನಲ್ಲಿ ಕೂಡಿಸಿಕೊಂಡು ಮನೆ ಮುಟ್ಟಿಸಿದ.

ಆ ದಿನದಿಂದ ಕಾಕು ಕಾರು ಹತ್ತಲಿಲ್ಲ. ಕಾರು ಮಾತ್ರವೇ? ಮನೆಯ ಹೊಸ್ತಿಲೇ ದಾಟಲಿಲ್ಲ. ಮದುವೆ ಇಲ್ಲ, ಮುಂಜಿ ಇಲ್ಲ, ಶನಿವಾರದ ಹನುಮಪ್ಪನೂ ಇಲ್ಲ. "ಆಟೋ ತರಸ್ತೇನಿ ಕಾಕು" ಅಂದರೆ, "ಮನ್ಯಾಗ ಕಾರು ಇಟಗೊಂಡು ಆಟೋದಾಗ ಹೋದ್ರ ನಿಮ್ಮ ಕಾಕಾಗ ಮಂದಿ ಏನಂದಾರವ್ವಾ?" ಅನ್ನುವಳು. "ಹಂಗಾದ್ರ ಕಾರಿನಾಗ ಹೋಗು" ಅಂದರೆ, "ನನ್ನ ಕಾಲು ಏರು ಹತ್ತೂದಿಲ್ಲ, ಅವರ ಕಾರು ನನ್ನ ಹತ್ತಿಸೂದಿಲ್ಲ. ಇಬ್ಬರ ತಪ್ಪೂ ಅಲ್ಲ ಬಿಡು" ಅನ್ನುವಳು. ಸಿಟ್ಟು ಇರಲಿಲ್ಲ ಅವಳ ದನಿಯಲ್ಲಿ. ಸಿಟ್ಟಾದರೂ ಇದ್ದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಇಡೀ ದಿನ ಕಿಟಕಿಯ ಪಕ್ಕದಲ್ಲಿ ಕೂತು ಬೀದಿ ನೋಡುತ್ತಿದ್ದಳು.

"ಆ ಡಬ್ಬಾ ಮಾರಿ ಹೊಸಾದು ತಗೋ ಕಾಕಾ" ಎಂದು ನಾನು ಜಗಳ ತೆಗೆದೆ.

"ಹೊಸಾ ಕಾರಿನ ಬಾಗಲಾ ನಿಮ್ಮ ಕಾಕುಗ ತಗ್ಯಾಕ ಬರೂದಿಲ್ಲ" ಅಂದ.

ಇದೂ ಒಂದು ಕಾರಣವೇ? ಆದರೆ ನಿಜ. ಕಾರಿನ ಎಡಗಡೆಯ ಬಾಗಿಲು ತೆಗೆಯಲು ಮೊದಲು ಒಳಕ್ಕೆ ಒತ್ತಿ, ಆಮೇಲೆ ಮೇಲಕ್ಕೆ ಎತ್ತಿ, ಭುಜದಿಂದ ಒಂದು ಪೆಟ್ಟು ಕೊಡಬೇಕು. ಆ ವಿದ್ಯೆ ಕಾಕುವಿಗೆ ಮಾತ್ರ ಕರಗತ. ಹಾಗೆ ನೋಡಿದರೆ ಹೊಸ ಕಾರಿನ ಬಾಗಿಲು ಅವಳ ಭುಜಕ್ಕೆ ಮೂರು ದಿನವೂ ಬಾಳುತ್ತಿರಲಿಲ್ಲ.

"ಕಾರು ಇದ ಇರತೈತಿ. ಎಂಜಿನ್ ಬದಲಿ ಮಾಡ್ತೇನಿ. ಇದು ಮೂರು ಸಿಲಿಂಡರಿಂದು. ನಾಕು ಸಿಲಿಂಡರಿಂದು ಕುಂದ್ರಸ್ತೇನಿ. ಮನ್ಯಾಗ, ನಾನ!" ಎಂದು ಕಾಕಾ ಘೋಷಿಸಿದ.

ಚೀಲ ಹೊಲಿಯುವವನು ಎಂಜಿನ್ ಹೇಗೆ ಕೂಡಿಸುತ್ತಾನೆ? ಮೊಬೈಲು ನೋಡಿ! ಯಾರೋ ಕೇರಳದ ಹುಡುಗ ತನ್ನ ಮನೆಯಂಗಳದಲ್ಲಿ ಸಣ್ಣ ಕಾರಿಗೆ ದೊಡ್ಡ ಎಂಜಿನ್ ಹಾಕುವ ವಿಡಿಯೋಗಳು ಕಾಕಾನಿಗೆ ಸಿಕ್ಕಿದ್ದವು. ಆ ಹುಡುಗ ಮಲಯಾಳಂನಲ್ಲಿ ಬಡಬಡ ಮಾತಾಡುತ್ತಿದ್ದರೆ ಕಾಕಾ ಇಲ್ಲಿ ಅಂಗಡಿಯಲ್ಲಿ ಕೂತು "ಹೌದ್ಹೌದು" ಎಂದು ತಲೆಯಾಡಿಸುತ್ತಿದ್ದ.

"ತಿಳೀತೈತೇನು ಕಾಕಾ?"

"ನಟ್ಟು ಬಿಚ್ಚಾಕ ಯಾವ ಭಾಷಾ ಬೇಕು? ಅಂವ ಬಿಚ್ಚೂದು ಕಾಣಸ್ತೈತಿ. ಸಾಕು."

ಮೊದಲು ಹಾವೇರಿಯ ಆರ್‌ಟಿಒ ಕಚೇರಿ. ಅನುಮತಿ ಇಲ್ಲದೆ ಎಂಜಿನ್ ಬದಲಿಸುವಂತಿಲ್ಲ ಎಂದು ನಾನು ಹೆದರಿಸಿದ್ದೆ. ನನ್ನ ಊರೆಂದ ಮೇಲೆ ಜೊತೆಗೆ ನಾನೇ ಹೋಗಬೇಕಾಯಿತು. ಅಲ್ಲಿನ ಸಾಹೇಬರು ಸಮಾಧಾನದ ಮನುಷ್ಯ. "ಎಂಜಿನ್ ಯಾಕ ಬದಲಿ ಮಾಡ್ತೀರಿ, ಹಿರಿಯರ?" ಎಂದು ಕೇಳಿದರು.

"ಏರು ಐತ್ರಿ" ಅಂದ ಕಾಕಾ.

"ಏರು ಎಲ್ಲಾ ಕಡೆ ಇರತಾವಲ್ಲರಿ?"

"ಇರತಾವ್ರಿ. ನಮ್ಮನಿಯಾಕಿ ಎಲ್ಲಾ ಏರಿಗೂ ಇಳಿಯಂಗಿಲ್ರಿ. ಅದ ಒಂದಕ್ಕ."

ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ. ಅವರು ಏನು ಅರ್ಥ ಮಾಡಿಕೊಂಡರೋ, ಅನುಮತಿ ಕೊಟ್ಟು, ಮುಂದೇನು ಮಾಡಬೇಕು, ಆಮೇಲೆ ಗಾಡಿ ಎಲ್ಲಿಗೆ ತಂದು ತೋರಿಸಬೇಕು ಎಂದು ಬಿಡಿಸಿ ಹೇಳಿ, ಹೊರಡುವಾಗ "ಅಮ್ಮಾರನ್ನೂ ಕರಕೊಂಡು ಬರ್ರಿ" ಅಂದರು.

ಎಂಜಿನ್ ಸಿಕ್ಕಿದ್ದು ರಾಣೆಬೆನ್ನೂರಿನ ಗುಜರಿಯಲ್ಲಿ. ಅದೇ ಕಂಪನಿಯ ಇನ್ನೊಂದು ದೊಡ್ಡ ಕಾರಿನದು. ಕಾಕಾ ಅದನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿ, ಧೂಳು ಹತ್ತಬಾರದೆಂದು ಕಾಕು ಹೊಲಿದ ಕೌದಿ ಹೊದಿಸಿ, ಅದರ ಮೇಲೊಂದು ಕೈ ಇಟ್ಟುಕೊಂಡು ಪಕ್ಕದಲ್ಲೇ ಕೂತು ಬಂದ. ಆಟೋ ಓಣಿಯೊಳಗೆ ಬಂದಾಗ ಎದುರುಮನೆಯ ಗೌರವ್ವಜ್ಜಿ ಬಾಗಿಲಲ್ಲಿದ್ದಳು. ಕೌದಿ ಹೊದ್ದು ಅಲುಗಾಡದೆ ಮಲಗಿದ್ದು ಕಂಡಳು. ಬಾಡಿದ ಮುಖದ ಕಾಕಾನನ್ನು ಕಂಡಳು. ಮುಗಿಯಿತು! "ಅಯ್ಯಯ್ಯ ನನ್ನವ್ವಾ, ಮೊನ್ನೆರ ಹಪ್ಪಳಾ ಕೊಟ್ಟಿದ್ಯಲ್ಲೇ!" ಎಂದು ಹಾಡಿಕೊಂಡು ಅಳತೊಡಗಿದಳು. ಓಣಿ ತುಂಬ ಜನ ಕೂಡಿತು. ಯಾರೋ ಅಂಗಡಿಯ ಬಾಗಿಲು ಹಾಕಿದರು.

ಅಷ್ಟರಲ್ಲಿ ಗದ್ದಲ ಕೇಳಿ ಸ್ವತಃ ಕಾಕು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು, "ಯಾರು ಹೋದ್ರಬೇ?" ಎಂದು ಕೇಳಿದಳು.

ಗೌರವ್ವಜ್ಜಿ ಅಳು ನಿಲ್ಲಿಸಿ, ಕಣ್ಣೊರೆಸಿಕೊಂಡು, ಸ್ವಲ್ಪ ಬೇಸರದಿಂದಲೇ ಕೇಳಿದಳು: "ನೀ ಅದೀಯೇನ?"

ಆಮೇಲೆ ಕೆಲಸ ಶುರು. ಮೆಣಸಿನಕಾಯಿ ಚೀಲ ತೂಗುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಪೇಟೆಯಿಂದ ಬಂತು. ಅದಕ್ಕೊಂದು ಚೈನ್‌ಪುಲ್ಲಿ ಕಟ್ಟಿ ಹಳೆಯ ಎಂಜಿನ್ನನ್ನು ಮೇಲಕ್ಕೆತ್ತಿದರು. ನೆರವಿಗೆ ಬಂದ ರಾಣೆಬೆನ್ನೂರಿನ ಗ್ಯಾರೇಜ್ ಮೇಸ್ತ್ರಿ ಕಾಕಾನ ಹಳೆಯ ಗೆಳೆಯ, ಜಗಳಗಂಟ. ಬಾನೆಟ್ಟಿನೊಳಗೆ ತಲೆ ಹಾಕಿದವನು ಹಾಗೇ ತಲೆ ಎತ್ತಿ ಕಾಕಾನನ್ನು ನೋಡಿದ.

"ಏನಪಾ ಇದು? ಇಲ್ಲಿ ಬೋಲ್ಟ್ ಎಲ್ಲಿ ಅದಾವು?"

"ಬೋಲ್ಟ್ ಯಾಕ? ಸುತಳಿ ಐತೆಲ್ಲ!"

"ಮಾರಾಯಾ, ಇದು ಎಂಜಿನ್ನೋ, ಮೆಣಸಿನಕಾಯಿ ಚೀಲನೋ?"

"ಇಷ್ಟು ವರ್ಷ ಬಿಚ್ಚಿತ್ತೇನು? ಅದನ್ನ ಹೇಳು ಮೊದಲ."

ಬಿಚ್ಚಿರಲಿಲ್ಲ, ಅದೂ ಖರೆ. ಮೇಸ್ತ್ರಿ ಬೈಯುತ್ತ ಸುತಳಿ ಕತ್ತರಿಸಿದ, ಕಾಕಾ ಮುಖ ಸಣ್ಣದು ಮಾಡಿಕೊಂಡು ಅದನ್ನು ಸುತ್ತಿ ಜೇಬಿನಲ್ಲಿಟ್ಟುಕೊಂಡ. ಹೊಸ ಎಂಜಿನ್ ಕೂಡಲು ಜಾಗ ಸಾಲದು. ಒಂದು ಕಡೆ ಬಡಿದರೆ ಇನ್ನೊಂದು ಕಡೆ ತಾಗುತ್ತದೆ. ಕೇರಳದ ಹುಡುಗನ ವಿಡಿಯೋದಲ್ಲಿ ಹತ್ತು ನಿಮಿಷಕ್ಕೆ ಮುಗಿದದ್ದು ಬ್ಯಾಡಗಿಯಲ್ಲಿ ಯುಗಾದಿಯಿಂದ ನಾಗರಪಂಚಮಿಯವರೆಗೂ ಮುಗಿಯಲಿಲ್ಲ. ಮಳೆ ಬಂತೆಂದು ಬಿಚ್ಚಿಟ್ಟ ಭಾಗಗಳು ಅಡುಗೆಮನೆ ಸೇರಿದವು. ಹೊಸ ಎಂಜಿನ್ ಮಾತ್ರ ಪೇಟೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಖಾಲಿ ಚೀಲಗಳ ರಾಶಿಯ ಕೆಳಗೆ ಬೆಚ್ಚಗೆ ಮಲಗಿತ್ತು. ಈ ಚೀಲಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕಾಕು ಇದ್ಯಾವುದರ ಕಡೆಗೂ ನೋಡುವುದಿಲ್ಲವೆಂದು ಹೇಳಿದ್ದಳು. "ಅವರ ಹುಚ್ಚು ಅವರಿಗೆ" ಅಂದಿದ್ದಳು. ಒಂದು ಮಧ್ಯಾಹ್ನ ನಾನು ಹೋದಾಗ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ಹುಣಸೆಹಣ್ಣು ಹಚ್ಚಿ ಏನನ್ನೋ ತಿಕ್ಕುತ್ತಿದ್ದಳು. ದೇವರ ಸಾಮಾನೆಂದುಕೊಂಡೆ. ನೋಡಿದರೆ ಎಂಜಿನ್ನಿನ ಬೋಲ್ಟುಗಳು! ಒಂದೊಂದನ್ನೂ ಥಳಥಳ ಹೊಳೆಯಿಸಿ, ಸೆರಗಿನಿಂದ ಒರೆಸಿ, ತಾಟಿನಲ್ಲಿ ಸಾಲಾಗಿ ಇಟ್ಟಿದ್ದಳು.

"ಅಡಿಗಿಮನ್ಯಾಗ ಹೊಲಸು ನನಗ ಆಗಿ ಬರೂದಿಲ್ಲ ನೋಡವ್ವಾ" ಎಂದು ನಾನು ಕೇಳದಿದ್ದರೂ ಹೇಳಿದಳು.

ಅದೇ ದಿನ ಕಾಕಾನನ್ನು ಅಂಗಡಿಯಲ್ಲಿ ಹಿಡಿದೆ. "ಖರೇ ಹೇಳು ಕಾಕಾ. ಇಷ್ಟೆಲ್ಲಾ ಯಾಕ?"

ಅವನು ದಬ್ಬಣಕ್ಕೆ ಸುತಳಿ ಪೋಣಿಸುತ್ತ ಹೇಳಿದ. "ಮ್ಯಾಲ ಬೇವಿನ ಗಿಡದ ಕೆಳಗ ನಿಂತಾಗ ಬಾಜೂ ಕನ್ನಡಿಯೊಳಗ ನೋಡ್ತಿದ್ದೆ. ಮೊದಲ ಇಷ್ಟ ಕಾಣ್ತಿದ್ಲು, ಹೆಬ್ಬಟ್ಟಿನಷ್ಟು. ಬರ್ತಾ ಬರ್ತಾ ದೊಡ್ಡಾಕಿ ಆಗ್ತಿದ್ಲು. ಕನ್ನಡಿ ತುಂಬಿದ್ಲಂದ್ರ ಬಂದ್ಲು ಅಂತ. ಅವತ್ತ ದೊಡ್ಡಾಕಿ ಆಗಲೇ ಇಲ್ಲ. ನಡುವ ಕುಂತುಬಿಟ್ಲು." ದಬ್ಬಣದ ಕಣ್ಣು ಅವನಿಗೆ ಸಿಗುತ್ತಲೇ ಇರಲಿಲ್ಲ. "ಎಷ್ಟ ವರ್ಷ ಆಕೀನ್ನ ಇಳಿಸೇನಿ. ನಾ ಒಮ್ಮೆರ ಇಳದೇನೇನು?"

ನಾನು ಅವನ ಕೈಯಿಂದ ದಬ್ಬಣ ಇಸಿದುಕೊಂಡು ಸುತಳಿ ಪೋಣಿಸಿ ಕೊಟ್ಟೆ.

ಅಂತೂ ಎಂಜಿನ್ ಕೂತಿತು. ಚಾಲೂ ಮಾಡುವ ದಿನ ಓಣಿಯೆಲ್ಲ ಅಂಗಳದಲ್ಲಿ ನೆರೆಯಿತು. ಕಾಯಿ ಒಡೆದಾಯಿತು. ಗೌರವ್ವಜ್ಜಿ ಹಳೆಯ ಬೇಸರ ಮರೆತು ಮುಂದಿನ ಸಾಲಿಗೇ ಬಂದು ಬಾನೆಟ್ಟಿನೊಳಗೆ ಬಗ್ಗಿ ನಿಂತಿದ್ದಳು. ಕಾಕಾ ಕೀಲಿ ತಿರುಗಿಸಿದ. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಭರ್ರೆಂದು ಎದ್ದಿತು! ರೇಡಿಯೇಟರಿನ ಫ್ಯಾನು ತಿರುಗಿತು. ಮರುಕ್ಷಣ ಇಡೀ ಅಂಗಳ ಕೆಂಪು!

ಚೀಲ ನೆನಪಿದೆಯಲ್ಲ? ಮೆಣಸಿನಕಾಯಿಯ ಖಾಲಿ ಚೀಲ ಎಂದೂ ಪೂರ್ತಿ ಖಾಲಿಯಾಗಿರುವುದಿಲ್ಲ. ಅಷ್ಟು ತಿಂಗಳು ಅವುಗಳ ಕೆಳಗೆ ಮಲಗಿದ್ದ ಎಂಜಿನ್ನಿನ ಸಂದಿಸಂದಿಯಲ್ಲೂ ಖಾರದ ಪುಡಿ ಇಳಿದಿತ್ತು. ಈಗ ಫ್ಯಾನು ಅದನ್ನು ಸಮಸ್ತ ಭಕ್ತರಿಗೂ ಪ್ರಸಾದದಂತೆ ಹಂಚಿತು! ಮೇಸ್ತ್ರಿ ಸೀನಿದ, ನನ್ನ ಗಂಡ ಸೀನಿದ, ಗೌರವ್ವಜ್ಜಿ "ಈ ಸಲ ನಾನ ಹೋದ್ನೆಪ್ಪೋ!" ಎಂದು ಕೂಗಿಕೊಂಡು ಸೀನಿದಳು. ಎಂಜಿನ್ ಚಾಲೂ ಆಯಿತು, ಓಣಿ ಬಂದ್ ಆಯಿತು.

ಆ ಗದ್ದಲದ ನಡುವೆ ನನಗೆ ಒಳಗಿನಿಂದ ಒಂದು ಸದ್ದು ಕೇಳಿಸಿತು. ಕಾಕು ಕಿಟಕಿಯ ಸರಳು ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಾಕಾ ಸೀನುವುದನ್ನೂ ಮರೆತು ಕಿಟಕಿಯ ಕಡೆಗೆ ನೋಡುತ್ತ ನಿಂತ.

ನಕ್ಕಳೆಂದ ಮಾತ್ರಕ್ಕೆ ಕಾರು ಹತ್ತುತ್ತಾಳೆಯೇ? "ಮೊದಲ ಖಾಲಿ ಕಾರು ಹತ್ತತೈತೇನು ನೋಡ್ರಿ" ಅಂದಳು. ಕಾಕಾ ಅವಳ ಬದಲಿಗೆ ಪಕ್ಕದ ಸೀಟಿನಲ್ಲಿ ಒಂದು ತುಂಬಿದ ಮೆಣಸಿನಕಾಯಿ ಚೀಲ ಕೂಡಿಸಿ, ಬೆಲ್ಟು ಹಾಕಿ, ಏರು ಹತ್ತಿಸಿ ಬಂದ.

"ಮೆಣಸಿನಕಾಯಿ ಚೀಲ ಹಗರಿರತೈತಿ. ನಾ ಏನು ಮೆಣಸಿನಕಾಯಿನ?" ಎಂದಳು ಕಾಕು.

"ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ. ನೀ ಬ್ಯಾರೆ ಊರಿಂದು ಬಿಡು" ಅಂದ ಕಾಕಾ.

ಕಾಕು ತಿರುಗಿ ಒಳಗೆ ಹೋದಳು. ಕಾಕಾ ತನ್ನ ಮಾತು ಹೆಚ್ಚಾಯಿತೇನೋ ಎಂದು ನನ್ನ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಕಾಕು ಹಸಿರು ಸೀರೆ ಉಟ್ಟುಕೊಂಡು, ಕಾಯಿ-ಕರ್ಪೂರದ ಚೀಲ ಹಿಡಿದುಕೊಂಡು ಹೊರಗೆ ಬಂದಳು. ಅವತ್ತು ಶನಿವಾರ. ಕಾರಿನ ಬಾಗಿಲನ್ನು ಒಳಕ್ಕೆ ಒತ್ತಿ, ಮೇಲಕ್ಕೆ ಎತ್ತಿ, ಭುಜದಿಂದ ಒಂದು ಪೆಟ್ಟು ಕೊಟ್ಟಳು. ಬಾಗಿಲು ಬಿಟ್ಟಿತು.

ನಾನು ಹಿಂದಿನ ಸೀಟಿನಲ್ಲಿ ಕೂತೆ. ಕಾಕುವಿನ ಕೈ ಮಡಿಲಿನ ಚೀಲವನ್ನು ಬಿಗಿಯಾಗಿ ಹಿಡಿದಿತ್ತು. ಇದು ಹತ್ತದಿದ್ದರೆ ಅವಳು ಇನ್ನೆಂದೂ ಹೊಸ್ತಿಲು ದಾಟುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಏರಿನ ಬುಡ ಬಂತು. ಕಾಕಾನ ಕಾಲು ತನ್ನಷ್ಟಕ್ಕೆ ತಾನೇ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತಿತು. ಕಾಕುವಿನ ಕೈ ತನ್ನಷ್ಟಕ್ಕೆ ತಾನೇ ಬಾಗಿಲಿಗೆ ಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಎಲ್ಲಿ ಹೊಂಟಿ?"

"ಮತ್ತ ನೀವ್ಯಾಕ ನಿಂದ್ರಿಸಿದ್ರಿ?"

"ನಾ ಅಲ್ಲ, ಕಾಲು ನಿಂದ್ರಿಸ್ತು. ಕುಂದ್ರು."

ಕುಂದ್ರು! ಆ ಜಾಗದಲ್ಲಿ ಕಾಕಾನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಕಾರು ಹೊರಟಿತು. ಗುರುಗುಟ್ಟಿತು, ನಡುಗಿತು, ಆದರೆ ನಿಲ್ಲಲಿಲ್ಲ. ಕಾಕು ಕೂತಿದ್ದ ಕಲ್ಲು ಎಡಗಡೆಗೆ ಬಂತು. ಅವಳು ಕಿಟಕಿಯಿಂದ ಅದನ್ನು ನೋಡಿದಳು, ಅದು ಹಿಂದೆ ಹೋಗುವವರೆಗೂ ಕತ್ತು ತಿರುಗಿಸಿ ನೋಡಿದಳು. ಬೇವಿನ ಮರ ಬಂದೇ ಬಿಟ್ಟಿತು. ಹತ್ತಿದ್ದೆವು!

ಕಾಕಾ ಮರದ ಕೆಳಗೆ ಕಾರು ನಿಲ್ಲಿಸಿದ. ಗೆದ್ದ ಖುಷಿಗೆ ಇರಬೇಕೆಂದುಕೊಂಡೆ. ಅಲ್ಲ. ಹ್ಯಾಂಡ್‌ಬ್ರೇಕು ಎಳೆದ, ಎಂದಿನಂತೆ ಬಾಜೂ ಕನ್ನಡಿಯೊಳಗೆ ನೋಡಿದ. ಕನ್ನಡಿಯಲ್ಲಿ ರಸ್ತೆ ಖಾಲಿ ಇತ್ತು. ಬುಡದವರೆಗೂ ಖಾಲಿ. ಅವನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಇಳಿಜಾರಿನ ಉದ್ದಕ್ಕೂ ಕಣ್ಣಾಡಿಸಿದ.

"ಎಲ್ಲಿ ಹೋದ್ಲು ಇಕಿ?" ಅಂದ. ತಮಾಷೆಗಲ್ಲ.

ಕಾಕು ಅವನ ತೋಳಿನ ಮೇಲೆ ಕೈ ಇಟ್ಟಳು.

"ಇಲ್ಲೇ ಅದೀನ್ರಿ" ಅಂದಳು. "ನಿಮ್ಮ ಬಾಜೂಕ."

ಕಾಕಾ ತಿರುಗಿದ. ಪಕ್ಕದ ಸೀಟಿನಲ್ಲಿ ಅವಳು ಇದ್ದಳು. ಹೆಬ್ಬಟ್ಟಿನಷ್ಟಲ್ಲ, ಪೂರ್ತಿ ಇದ್ದಳು. ಅವನು ಅವಳನ್ನು ಬಹಳ ಹೊತ್ತು ನೋಡಿದ. ನಾನು ಹಿಂದೆ ಕೂತಿದ್ದೇನೆಂಬುದು ಇಬ್ಬರಿಗೂ ನೆನಪಿರಲಿಲ್ಲ. ಆಮೇಲೆ ಕನ್ನಡಕ ತೆಗೆದು, ಸುತಳಿಯ ಕಡ್ಡಿ ಹಿಡಿದುಕೊಂಡು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಹಾಳಾದ ಖಾರದ ಪುಡಿ. ಇನ್ನೂ ಉಳದೈತಿ ನೋಡು ಎಂಜಿನ್ನಿನಾಗ."

"ಹೌದ್ರಿ" ಅಂದಳು ಕಾಕು, ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತ. "ನನಗೂ ಹತ್ತಿತು."